ಜೋಳದ ಸರದಿ ಬರುವ ತನಕ

ನಾನು ಮೊದಲ ಸಲ ಸತ್ತದ್ದು ಆರ್.ಟಿ. ನಗರದ ಒಂದು ಹಿಟ್ಟಿನ ಗಿರಣಿಯಲ್ಲಿ. ಎಂಟು ಸೆಕೆಂಡೂ ಹಿಡಿಯಲಿಲ್ಲ. ಆಮೇಲೆ ಅದೇ ಜಾಗದಲ್ಲಿ, ಅದೇ ಸ್ಟೂಲಿನ ಮೇಲೆ ಕೂತು, ಶನಿವಾರ ಶನಿವಾರ ತಪ್ಪದೆ ಸಾಯುತ್ತಾ ಬಂದೆ. ಒಟ್ಟು ಎಷ್ಟು ಸಲ ಎಂದು ಕೇಳಬೇಡಿ. ಸತ್ತವರು ಅದನ್ನೆಲ್ಲ ಬರೆದಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ವಿಡಿಯೋ ಗೇಮಿನ ಮಾತು. ಪರದೆಯ ಕೆಳಗಡೆ ಉಗುರಿನಷ್ಟು ದೊಡ್ಡದೊಂದು ವಿಮಾನ ಇರುತ್ತದೆ, ಅದು ನೀವು. ಮೇಲಿನಿಂದ ಬೇರೆ ವಿಮಾನಗಳು ಬರುತ್ತವೆ, ಅವು ನಿಮ್ಮ ನೆಂಟರಲ್ಲ. ಅವು ಗುಂಡು ಉದುರಿಸುತ್ತವೆ, ನೀವು ತಪ್ಪಿಸಿಕೊಂಡು ತಿರುಗಿ ಹೊಡೆಯಬೇಕು. ಕೇಳಿದರೆ ಮಕ್ಕಳಾಟ. ಕೂತರೆ ಪರದೆಯ ತುಂಬ ಗುಂಡುಗಳೇ, ನಿಮಗೆ ನಿಲ್ಲಲು ಜಾಗವೇ ಇಲ್ಲ. ಈ ಜಾತಿಯ ಆಟಗಳಿಗೆ ಈಗ ದೊಡ್ಡ ದೊಡ್ಡ ಹೆಸರುಗಳಿವೆಯಂತೆ, ಅದಕ್ಕೊಂದು ಭಕ್ತಮಂಡಳಿಯೂ ಇದೆಯಂತೆ. ಎಂಬತ್ತರ ದಶಕದಲ್ಲಿ ನಮಗೆ ಅದರ ಹೆಸರೇ ಗೊತ್ತಿರಲಿಲ್ಲ. ಗಿರಣಿಯ ಖಾದರ್ ಸಾಬರು ಅದನ್ನು ‘ಸಾಯೋ ಆಟ’ ಎಂದು ಕರೆಯುತ್ತಿದ್ದರು. ಅದಕ್ಕಿಂತ ಸರಿಯಾದ ಹೆಸರನ್ನು ನಾನು ಇವತ್ತಿಗೂ ಕೇಳಿಲ್ಲ.

ಈಗಿನವರು ಒಂದು ಆಟ ಆಡುವ ಮೊದಲು ಹತ್ತು ಜನರ ಅಭಿಪ್ರಾಯ ಓದುತ್ತಾರೆ. ಕಷ್ಟ ಎಂದು ತಿಳಿದೇ, ಕಷ್ಟ ಬೇಕು ಎಂದೇ ಅದರ ಹತ್ತಿರ ಹೋಗುತ್ತಾರೆ. ನನಗೆ ಇದು ಸೋಜಿಗ. ನಾನು ಕಂಡಂತೆ ಯಾರೂ ಕಷ್ಟದ ವಿಷಯಕ್ಕೆ ಮುಂಬಾಗಿಲಿನಿಂದ ಹೋಗುವುದಿಲ್ಲ. ಮೊಟ್ಟಮೊದಲು ಹಾಗಲಕಾಯಿ ತಿಂದ ಮಹಾನುಭಾವ ಕಹಿ ಬೇಕೆಂದು ತಿಂದಿರಲಾರ. ಬೇರೆ ತರಕಾರಿ ಖಾಲಿಯಾಗಿತ್ತು, ಅಷ್ಟೇ. ನಮ್ಮ ಪಕ್ಕದ ಬೀದಿಯಲ್ಲಿ ವೀಣೆ ಕಲಿತ ಒಬ್ಬಾಕೆ ಇದ್ದರು. ಯಾಕೆ ವೀಣೆಯನ್ನೇ ಕಲಿತಿರಿ ಎಂದರೆ, “ಹಾಡೋ ಕ್ಲಾಸಲ್ಲಿ ಚಾಪೆ ಮೇಲೆ ಜಾಗ ಇರ್ಲಿಲ್ಲ ಕಣ್ರೀ” ಅಂದರು. ಸುಲಭದ ಮುಂದೆ ಯಾವಾಗಲೂ ಗುಂಪು, ಕಷ್ಟದ ಮುಂದೆ ಯಾವಾಗಲೂ ಖಾಲಿ ಸ್ಟೂಲು. ನಿಂತು ನಿಂತು ಕಾಲು ನೋಯುತ್ತಿರುವವರು ಸ್ಟೂಲನ್ನು ನೋಡುತ್ತಾರೆಯೇ ಹೊರತು ಅದರ ಎದುರಿಗೆ ಏನಿದೆ ಎಂದು ನೋಡುವುದಿಲ್ಲ.

ನನ್ನ ಕಾಲು ನೋಯುವುದಕ್ಕೆ ಕಾರಣ ಜೋಳ. ನಾನು ಹುಟ್ಟಿ ಬೆಳೆದದ್ದು ಯಲಹಂಕದಲ್ಲಿ, ರಾಗಿ ಮುದ್ದೆಯ ಮೇಲೆ. ಮದುವೆಯಾದದ್ದು ಧಾರವಾಡದ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದವರನ್ನು. ಅವರ ಹಿಂದೆಯೇ ಅವರ ತಾಯಿ ಬಂದರು, ತಾಯಿಯ ಹಿಂದೆಯೇ ಜೋಳ ಬಂತು. ನಮ್ಮವರು ತಿಂಗಳಿಗೊಮ್ಮೆ ಯಶವಂತಪುರದ ಮಂಡಿಯಿಂದ ಬಿಳಿ ಜೋಳ ಹೊತ್ತು ತರುವರು. ವಾರಕ್ಕೊಂದು ಡಬ್ಬಿ ಬೀಸಿಸಿಕೊಂಡು ಬರುವುದು ನನ್ನ ಪಾಲು. ಒಟ್ಟಿಗೇ ಬೀಸಿಸಿ ಇಟ್ಟರೆ ಹಿಟ್ಟಿನ ಜಿಗಿ ಹೋಗುತ್ತದೆ, ತಟ್ಟುವಾಗ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ ಎಂಬುದು ಅತ್ತೆಯವರ ಶಾಸ್ತ್ರ. ಅದನ್ನು ಮೀರಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಆದರೆ ಆರ್.ಟಿ. ನಗರ ರಾಗಿಯವರ ಊರು. ಖಾದರ್ ಸಾಬರ ಗಿರಣಿಯಲ್ಲಿ ಡಬ್ಬಿಗಳು ಸಾಲಾಗಿ ಕೂತಿರುತ್ತಿದ್ದವು. ಮನುಷ್ಯರು ಕ್ಯೂ ನಿಲ್ಲಬೇಕಾಗಿರಲಿಲ್ಲ, ಡಬ್ಬಿ ನಿಂತರೆ ಸಾಕು. ಸಾಲಿನಲ್ಲಿದ್ದ ಅಷ್ಟೂ ರಾಗಿ ಮುಗಿಯಬೇಕು, ಆಮೇಲೆ ಗೋಧಿ, ಕೊನೆಗೆ ಜೋಳ. “ಜೋಳ ನಿಮ್ದು ಒಬ್ರುದೇ ಮೇಡಂ. ಮಧ್ಯೆ ಹಾಕಿದ್ರೆ ನಿಮ್ ಹಿಟ್ಟು ಕಪ್ಪಾಗ್ತದೆ, ಆಮೇಲೆ ನಿಮ್ಮತ್ತೆ ನನ್ನ ಬಿಡಲ್ಲ” ಅನ್ನುವರು ಸಾಬರು. ಅತ್ತೆಯವರನ್ನು ಅವರು ಆಗಿನ್ನೂ ನೋಡಿರಲಿಲ್ಲ. ಡಬ್ಬಿ ನೋಡಿಯೇ ಅಂದಾಜು ಮಾಡಿದ್ದರು.

ಹೀಗೆ ಪ್ರತಿ ಶನಿವಾರ ಮಧ್ಯಾಹ್ನ ಅರ್ಧ ಗಂಟೆ ನನಗೆ ಕಡ್ಡಾಯ ಕಾಯುವಿಕೆ. ಗಿರಣಿಗೆ ತಾಗಿಕೊಂಡೇ ಸಾಬರದು ಇನ್ನೊಂದು ಕೋಣೆಯಿತ್ತು. ಮೊದಲು ಅಲ್ಲಿ ಹಿಂಡಿ, ಬೂಸ ಇಟ್ಟಿದ್ದರು. ಆ ವರ್ಷ ಬೂಸ ಹೊರಗೆ ಹೋಗಿ ಮೂರು ವಿಡಿಯೋ ಗೇಮ್ ಪೆಟ್ಟಿಗೆಗಳು ಒಳಗೆ ಬಂದವು. ಒಂದರಲ್ಲಿ ಕಾರು ಓಡಿಸಬೇಕು, ಇನ್ನೊಂದರಲ್ಲಿ ಒಬ್ಬ ಮನುಷ್ಯ ಹಳ್ಳ ಹಾರಬೇಕು. ಇವೆರಡರ ಮುಂದೆ ಕಾಲೇಜಿನವರು, ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದವರು ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತಿದ್ದರು. ಮೂರನೆಯದರ ಮುಂದೆ ಒಂದು ಸ್ಟೂಲು, ಅದರ ಮೇಲೆ ಗೋಧಿ ಹಿಟ್ಟಿನ ತೆಳ್ಳನೆಯ ಪದರ.

ನಾನು ಸೆರಗಿನಿಂದ ಹಿಟ್ಟು ಒರೆಸಿ ಕೂತೆ. ಕಾಲಿಗೆ ಹಾಯೆನಿಸಿತು. ಖಾದರ್ ಸಾಬರು ಇಣುಕಿ, “ಕೂತಿದ್ದೀರಲ್ಲ, ಸುಮ್ನೆ ಒಂದ್ ಆಟ ನೋಡಿ ಮೇಡಂ. ಯಾರೂ ಮುಟ್ಟಲ್ಲ ಅದನ್ನ, ತುಕ್ಕು ಹಿಡೀತದೆ” ಎಂದು ತಾವೇ ಒಂದು ಹಿತ್ತಾಳೆ ಬಿಲ್ಲೆ ಹಾಕಿದರು. ಕಾರಿನ ಗೇರಿನಂಥದೊಂದು ಕೋಲು, ಕೆಂಪು ಬಟನ್ನು. ಕೋಲು ಯಾವುದಕ್ಕೆ, ಬಟನ್ ಯಾವುದಕ್ಕೆ ಎಂದು ಕೇಳುವಷ್ಟರಲ್ಲಿ ಢಮ್ ಎಂದು ಶಬ್ದ. ಪರದೆಯ ಮೇಲೆ ಒಂಬತ್ತು, ಎಂಟು, ಏಳು ಎಂದು ಅಂಕಿಗಳು ಇಳಿಯತೊಡಗಿದವು.

“ಏನಾಯ್ತು?” ಅಂದೆ.

“ಸತ್ತೋದ್ರಿ” ಅಂದರು ಸಾಬರು. ಹೇಳಿದ ರೀತಿಯಲ್ಲಿ ಎಳ್ಳಷ್ಟೂ ಸಂತಾಪವಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಎರಡು ಮಕ್ಕಳು, ಸೀಮೆಎಣ್ಣೆ ಸ್ಟವ್ವು, ಮುನ್ಸೂಚನೆಯಿಲ್ಲದೆ ರೈಲಿಳಿಯುವ ನೆಂಟರು, ಬಾರದ ನಲ್ಲಿ ನೀರು, ಎಲ್ಲವನ್ನೂ ಸಂಭಾಳಿಸಿದವಳು ನಾನು. ಒಂದು ಪೆಟ್ಟಿಗೆ ನನ್ನನ್ನು ಎಂಟು ಸೆಕೆಂಡಿನಲ್ಲಿ ಕೆಲಸಕ್ಕೆ ಬಾರದವಳೆಂದು ತೀರ್ಮಾನಿಸುವುದೆಂದರೇನು! ಪಕ್ಕದ ಕಾರಿನ ಆಟದವನು ತಿರುಗಿ ನೋಡಿ ನಕ್ಕಹಾಗಾಯಿತು. ಮುಂದಿನ ಶನಿವಾರ ನಾನು ಕಾಲು ನೋವಿಗಾಗಿ ಕೂರಲಿಲ್ಲ.

ಕಷ್ಟದ ಆಟ ಆಡುವವರೆಲ್ಲ ಹೀಗೇ ಶುರುಮಾಡಿರುತ್ತಾರೆ ಎಂದು ನನ್ನ ಗುಮಾನಿ. ಮೊದಲು ಕಾಲು ನೋವು, ಆಮೇಲೆ ಅವಮಾನ. ಪ್ರೀತಿ ಬರುವುದೆಲ್ಲ ಬಹಳ ಕೊನೆಗೆ. ಅಷ್ಟರಲ್ಲಿ ಬಿಟ್ಟು ಹೋಗಲು ತಡವಾಗಿರುತ್ತದೆ. ಮದುವೆಗಳ ವಿಷಯದಲ್ಲೂ ಇದು ಕೆಲಮಟ್ಟಿಗೆ ನಿಜ, ಆದರೆ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಎರಡನೆಯ ತಿಂಗಳಿಗೆ ನನಗೆ ಒಂದು ಸಂಶಯ ಬಂತು. ಪೆಟ್ಟಿಗೆ ಮೋಸ ಮಾಡುತ್ತಿದೆ, ನಾನು ಎಲ್ಲಿರುತ್ತೇನೋ ಅಲ್ಲಿಗೇ ಗುಂಡು ಬಿಡುತ್ತಿದೆ ಎಂದುಕೊಂಡೆ. ಆಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಎಡಗಡೆಯಿಂದ ಮೂರು ಹಸಿರು ವಿಮಾನ, ಬಲಗಡೆಯಿಂದ ನಾಲ್ಕು, ಆಮೇಲೆ ನಡುವಿನಿಂದ ಒಂದು ಕೆಂಪು. ಪ್ರತಿ ಸಲವೂ ಇದೇ ಸರದಿ. ಹೋದ ವಾರವೂ ಇದೇ, ಈ ವಾರವೂ ಇದೇ. ಆ ಪೆಟ್ಟಿಗೆ ನನ್ನನ್ನು ದ್ವೇಷಿಸುತ್ತಿರಲಿಲ್ಲ. ನಾನು ಕೂತಿದ್ದೇನೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಇದು ಹೊಳೆದ ದಿನ ನನಗೆ ವಿಚಿತ್ರವಾದ ನೆಮ್ಮದಿಯಾಯಿತು. ನಮ್ಮ ಮನೆಯಲ್ಲಿ ಮುಂದೆ ಏನು ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಇಲ್ಲಿ ಮೂರು ಹಸಿರಾದ ಮೇಲೆ ನಾಲ್ಕು ಹಸಿರೇ ಬರುತ್ತವೆ. ಮಗ್ಗಿ ಬಾಯಿಪಾಠ ಮಾಡಿದವರಿಗೆ ಇದನ್ನು ಬಾಯಿಪಾಠ ಮಾಡುವುದು ದೊಡ್ಡದಲ್ಲ.

ನಮ್ಮ ಹಳೆಯ ಕಾವ್ಯಗಳಲ್ಲಿ ಶರವರ್ಷ ಎಂಬ ಮಾತು ಬರುತ್ತದೆ. ಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಆ ಪದ ಬಂದ ಕೂಡಲೇ ಕಣ್ಣು ಮುಚ್ಚಿ, ಎರಡೂ ಕೈಯೆತ್ತಿ, ಬಾಣಗಳ ಮಳೆಯನ್ನು ಕ್ಲಾಸಿನ ಮೇಲೆಲ್ಲ ಸುರಿಸುತ್ತಿದ್ದರು. ಎಷ್ಟು ಬಾಣ ಬಂದವು, ಆಕಾಶ ಹೇಗೆ ಕಪ್ಪಾಯಿತು, ದೇವತೆಗಳು ಎಲ್ಲಿ ಗುಂಪುಗೂಡಿದರು, ಎಲ್ಲ ವಿವರ ಇರುತ್ತಿತ್ತು. ಮಳೆಯ ನಡುವೆ ನಿಂತಿದ್ದ ವೀರ ಯಾವ ಕಾಲನ್ನು ಎತ್ತ ಇಟ್ಟ ಎಂಬುದನ್ನು ಮಾತ್ರ ಮೇಷ್ಟ್ರು ಹೇಳಲಿಲ್ಲ. ನನಗೆ ಬೇಕಾಗಿದ್ದ ಮಾಹಿತಿ ಅದೊಂದೇ.

ಈ ಎಲ್ಲ ವಿದ್ವತ್ತಿನ ಹಿಂದೆ ಒಂದು ಸಣ್ಣ ಸತ್ಯವಿತ್ತು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಬೆಳಗ್ಗೆ ಹಾಲಿನವನಿಂದ ಹಿಡಿದು ದೀಪ ಆರಿಸುವ ತನಕ ನನ್ನ ಹೆಸರು ಆ ಮನೆಯಲ್ಲಿ ಎಷ್ಟು ಸಲ ಕೇಳುತ್ತಿತ್ತೆಂದರೆ, ಎಷ್ಟೋ ಸಲ ಯಾರೂ ಕರೆಯದಿದ್ದರೂ ನಾನು ಓಗೊಡುತ್ತಿದ್ದೆ. ಶನಿವಾರದ ಆ ಅರ್ಧ ಗಂಟೆಯಲ್ಲಿ ಯಾರೂ ‘ವಿಮಲಾ’ ಅನ್ನುತ್ತಿರಲಿಲ್ಲ. ಸಾಯುವುದು ನನ್ನದೇ, ತಪ್ಪೂ ನನ್ನದೇ, ಮತ್ತೆ ಏಳುವುದೂ ನನ್ನದೇ. ವಾರದಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನಗಿದ್ದದ್ದು ಅಷ್ಟೇ. ಅದನ್ನು ಕಳೆದುಕೊಳ್ಳುವ ಹೆದರಿಕೆ ಹುಟ್ಟಿದ ಮೇಲೆಯೇ ಅದು ನನಗೆ ಎಷ್ಟು ಬೇಕಾಗಿತ್ತೆಂದು ತಿಳಿದದ್ದು.

ಅಲ್ಲಿನ ಆಟಕ್ಕೆ ಗಿರಣಿಯದೇ ಕೆಲವು ಕಾನೂನುಗಳಿದ್ದವು. ಪೆಟ್ಟಿಗೆಗಳಿಗೂ ಗಿರಣಿಗೂ ಒಂದೇ ಕಡೆಯಿಂದ ಕರೆಂಟು. ಸಾಬರು ಹೊಸ ಡಬ್ಬಿ ಸುರಿದ ಕೂಡಲೇ ಮೋಟಾರು ಏದುಸಿರು ಬಿಡುವುದು, ನಮ್ಮ ಪರದೆ ನಾಲ್ಕೂ ಕಡೆಯಿಂದ ಸಣ್ಣಗಾಗುವುದು. ಯುದ್ಧಭೂಮಿಯೇ ಕುಗ್ಗಿಬಿಡುತ್ತಿತ್ತು. ಕಾರಿನವರು “ಸಾಬ್ರೇ, ಸ್ವಲ್ಪ ತಡೀರಿ ಗುರು!” ಎಂದು ಕೂಗುವರು. ಸಾಬರು ಕೇಳಿಸಿಕೊಳ್ಳುತ್ತಿರಲಿಲ್ಲ, ಕಿವಿಯಲ್ಲೂ ಹಿಟ್ಟಿತ್ತು. ಬಟನ್ನುಗಳ ಮೇಲೆ, ಕೋಲಿನ ಮೇಲೆ, ನಮ್ಮ ರೆಪ್ಪೆಗಳ ಮೇಲೆ ಹಿಟ್ಟು. ಅಲ್ಲಿ ಆಡಿದವರೆಲ್ಲ ಸ್ವಲ್ಪ ಹೊತ್ತಿಗೆ ಮುದುಕರಾಗಿ ಕಾಣುತ್ತಿದ್ದರು.

ನಾನು ಮಾಡಿದ ತಪ್ಪು ಒಂದೇ. ಆಗತಾನೇ ಬೀಸಿದ ಹಿಟ್ಟು ಬಿಸಿಯಾಗಿರುತ್ತದೆ ಎಂಬುದನ್ನು ಮರೆತೆ. ಗಿರಣಿಯಿಂದ ನಮ್ಮ ಮನೆಗೆ ಏಳೆಂಟು ನಿಮಿಷದ ದಾರಿ. ಡಬ್ಬಿ ಸೊಂಟಕ್ಕೆ ಚುರುಕ್ ಎನ್ನುತ್ತಾ ಮನೆ ಸೇರಬೇಕು. ನಾನೋ ಜೋಳ ಬೀಸಿ ಮುಗಿದು, ಡಬ್ಬಿ ಪಕ್ಕಕ್ಕೆ ಬಂದು ಕೂತ ಮೇಲೂ ‘ಇದೊಂದೇ ಕೊನೆ’ ಎನ್ನುತ್ತಾ ಕೂತುಬಿಡುತ್ತಿದ್ದೆ. ಒಂದು ಶನಿವಾರ ಅತ್ತೆ ಡಬ್ಬಿಯೊಳಗೆ ಕೈಯಿಟ್ಟರು. ಇಟ್ಟ ಕೈ ಹಾಗೇ ಬಿಟ್ಟು ನನ್ನ ಮುಖ ನೋಡಿದರು.

“ಹಿಟ್ಟು ತಣ್ಣಗ ಅದ ಅಲ್ಲ. ಗಿರಣಿ ಏನು ದೂರ ಸರಿದದೇನು?”

“ಕರೆಂಟ್ ಹೋಗಿತ್ತು ಅತ್ತೆ.”

“ನಮ್ಮ ಮನ್ಯಾಗ ಫ್ಯಾನ್ ತಿರಗಲಿಕ್ಕೆ ಹತ್ತಿತ್ತಲ್ಲ.”

“ಗಿರಣಿ ಲೈನ್ ಬೇರೆ.”

ಅದು ನಿಜವೇ. ನಿಜ ಹೇಳಿ ಸುಳ್ಳಾಡುವುದನ್ನು ಆ ದಿನ ಕಲಿತೆ. ಅತ್ತೆ ಮತ್ತೆ ಮಾತಾಡಲಿಲ್ಲ. ಅವರು ಮಾತಾಡಿದರೆ ನನಗೆ ಭಯವಿರಲಿಲ್ಲ.

ಮುಂದಿನ ಶನಿವಾರ ನಾನು ಆಟದಲ್ಲಿ ಬಹಳ ದೂರ ಹೋಗಿದ್ದೆ. ಮೂರು ಹಸಿರು, ನಾಲ್ಕು ಹಸಿರು, ಕೆಂಪು, ಎಲ್ಲ ಮುಗಿದ ಮೇಲೆ ಎದುರಾಗುವ ದೊಡ್ಡ ಹಡಗು ಬಂದಿತ್ತು. ಪರದೆಯ ಅರ್ಧದಷ್ಟು ಅಗಲದ ಹಡಗು, ಅದರ ಹೊಟ್ಟೆಯ ತುಂಬ ಫಿರಂಗಿ. ಮೂರು ತಿಂಗಳಿಂದ ಅದೇ ಜಾಗದಲ್ಲಿ ನನ್ನ ಪ್ರಾಣ ಹೋಗುತ್ತಿತ್ತು. ಬಿಳಿ ಗುಂಡುಗಳು ಚುಕ್ಕಿ ಚುಕ್ಕಿಯಾಗಿ ಹರಡಿಕೊಂಡು ಇಳಿಯುತ್ತಿದ್ದವು. ಢಮ್ ಎಂದಿತು. ಆಗ ಬೆನ್ನ ಹಿಂದಿನಿಂದ ಒಂದು ದನಿ.

“ಯಾಕ ಸತ್ತಿ?”

ತಿರುಗಿದೆ. ಅತ್ತೆ ನಿಂತಿದ್ದರು, ಸೆರಗು ತಲೆಯ ಮೇಲೆ, ಕೈಯಲ್ಲಿ ಚಪ್ಪಲಿ. ಹಿಟ್ಟಿನ ನೆಲವನ್ನು ಚಪ್ಪಲಿ ಕಾಲಲ್ಲಿ ತುಳಿಯಬಾರದೆಂದು ಬಾಗಿಲಲ್ಲೇ ಕಳಚಿಕೊಂಡಿದ್ದರು. ಕಾರಿನವರೂ ಆಟ ಬಿಟ್ಟು ನೋಡುತ್ತಿದ್ದರು. ಖಾದರ್ ಸಾಬರು ಮಾತ್ರ ಆ ಕ್ಷಣದಲ್ಲಿ ಬಹಳ ಶ್ರದ್ಧೆಯಿಂದ ರಾಗಿ ಸುರಿಯತೊಡಗಿದರು. ಮುಗಿಯಿತು, ಅರ್ಧ ಗಂಟೆ ಹೋಯಿತು ಎಂದುಕೊಂಡೆ.

“ಗುಂಡು ಬಡೀತು ಅತ್ತೆ” ಅಂದೆ. ಬೇರೇನು ಹೇಳಲಿ?

“ಗುಂಡು ಬಡದದ್ದು ನನಗೂ ಕಂಡಿತು. ಅದು ಬರೂ ಕಡೆ ನೀ ಯಾಕ ಹೋದಿ ಅಂತ ಕೇಳಲಿಕ್ಕೆ ಹತ್ತೀನಿ.”

ಸಾಬರು ಇನ್ನೊಂದು ಸ್ಟೂಲು ತಂದು, ಹೆಗಲ ಟವೆಲ್ಲಿನಿಂದ ಒರೆಸಿ, “ಕೂತ್ಕೊಳಿ ಅಮ್ಮಾ” ಅಂದರು. ಅತ್ತೆ ಕೂತರು. ಪರದೆಯ ಮೇಲೆ ಒಂಬತ್ತು, ಎಂಟು, ಏಳು ಇಳಿಯುತ್ತಿತ್ತು. ಅವರು ಅದನ್ನು ನೋಡಿ, “ಇನ್ನೂ ಜೀವ ಅದ ಏನು? ಆಡು, ನೋಡೋಣು” ಅಂದರು.

ಅತ್ತೆ ನೋಡುತ್ತಿರುವಾಗ ಆಡುವುದು ಎಂದರೆ ಏನೆಂದು ಸೊಸೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಕಿ ಸೊನ್ನೆಗೆ ಇಳಿಯುವ ಮೊದಲು ಇನ್ನೊಂದು ಬಿಲ್ಲೆ ಹಾಕಿದರೆ ಸತ್ತಲ್ಲಿಂದಲೇ ಏಳಬಹುದು. ಹಾಕಿದೆ, ಮತ್ತೆ ಹಡಗಿನ ಮುಂದೆ ನಿಂತೆ, ಮತ್ತೆ ಸತ್ತೆ. ಅವರು ಚಪ್ಪಲಿಯನ್ನು ಮಡಿಲಿಂದ ಕೆಳಗಿಟ್ಟರು.

“ದಿನಾ ಮುಂಜಾನೆ ರಂಗೋಲಿ ಹಾಕ್ತಿ. ಎಳಿ ಎಳಿಯೂವಾಗ ಚುಕ್ಕಿ ನೋಡ್ತಿಯೋ, ನಡುವಿನ ಜಾಗಾ ನೋಡ್ತಿಯೋ?”

“ಜಾಗ.”

“ಮತ್ತ ಇಲ್ಲೆ ಯಾಕ ಚುಕ್ಕಿ ನೋಡ್ಕೋತ ಕೂತೀ?”

ಮೇಷ್ಟ್ರು ಹೇಳದೆ ಬಿಟ್ಟದ್ದನ್ನು ಇವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ಮನೆಗೆ ಬಂದ ಮೇಲೆ ಅವರು ಮಗನಿಗೆ ಏನೂ ಹೇಳಲಿಲ್ಲ. ನಾನು ಬಚಾವಾದೆ ಎಂದು ವಾರವಿಡೀ ಒಳಗೊಳಗೇ ಕುಣಿದೆ.

ಶನಿವಾರ ಬಂತು. ನಾನು ಜೋಳ ಹಸನು ಮಾಡಿ ಡಬ್ಬಿಗೆ ತುಂಬಿದೆ. ಅತ್ತೆ ಬಂದು ಡಬ್ಬಿಯ ಹಿಡಿಗೆ ಕೈ ಹಾಕಿದರು.

“ಇವತ್ತ ನಾ ಹೋಗ್ತೀನಿ.”

“ನಿಮ್ಮ ಮಂಡಿ ನೋವು...”

“ಮಂಡಿ ನಂದು. ನೀ ಅವರೀಕಾಯಿ ಸುಲಿ.”

ಆ ಅವರೆಕಾಯಿಯನ್ನು ನಾನು ಸುಲಿದ ರೀತಿ ನೋಡಿದ್ದರೆ ನಿಮಗೆ ಹೆದರಿಕೆಯಾಗುತ್ತಿತ್ತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಮಗನ ಮುಂದೆ ಹೇಳಿದ್ದರೆ ವಾದ ಮಾಡುತ್ತಿದ್ದೆ. ಹೀಗೆ ಸದ್ದಿಲ್ಲದೆ ಡಬ್ಬಿ ಎತ್ತಿಕೊಂಡು ಹೋಗುವುದೆಂದರೆ? ಹಿಟ್ಟು ತಣ್ಣಗಾಗದ ಹಾಗೆ ಕಾಯಲು ತಾವೇ ಹೊರಟರು, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲ ಎಂದುಕೊಂಡೆ. ಅವರು ಹೋಗಿ ಬರಲು ಒಂದೂಮುಕ್ಕಾಲು ಗಂಟೆ ಹಿಡಿಯಿತು. “ಭಾಳ ಗದ್ದಲ ಇತ್ತು” ಅಂದರು. ಅದರ ಮುಂದಿನ ವಾರವೂ ಅವರೇ ಹೋದರು, ಆ ವಾರವೂ ಗದ್ದಲವಿತ್ತು. ನಮ್ಮವರು, “ಅವ್ವಗ ಯಾಕ ಕಳಸ್ತಿ? ನೀ ಹೋಗಬಾರದಾ?” ಎಂದು ನನ್ನನ್ನೇ ಗದರಿದರು.

ಮೂರನೆಯ ಶನಿವಾರ ಅತ್ತೆ ಬಂದವರು ಡಬ್ಬಿ ಇಳಿಸಿ, ಹಿತ್ತಲ ಮೆಟ್ಟಿಲ ಮೇಲೆ ಕೂತು, ನೀರು ಕೇಳಿದರು. ರೆಪ್ಪೆಯ ಮೇಲೆ ಹಿಟ್ಟು. ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದರು. ನೀರಿನ ಲೋಟ ಕೊಟ್ಟೆ. ಒಂದು ಗುಟುಕು ಕುಡಿದು, ಲೋಟದೊಳಗೆ ನೋಡುತ್ತಾ ಹೇಳಿದರು:

“ದೊಡ್ಡ ಹಡಗಾ ಒಡದೆ.”

ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಮೂರು ತಿಂಗಳು ನಾನು ತಲೆ ಚಚ್ಚಿಕೊಂಡ ಹಡಗು ಅದು. ಆಮೇಲೆ ಅವರ ಮುಖ ನೋಡಿದೆ. ಒಂಬತ್ತು ವರ್ಷದಲ್ಲಿ ಆ ಮುಖವನ್ನು ನಾನು ಹಾಗೆ ನೋಡಿರಲಿಲ್ಲ. ಹದಿನಾಲ್ಕಕ್ಕೆ ಮದುವೆಯಾಗಿ ಬಂದವರು. ಹದಿನೇಳು ಜನರ ಮನೆ, ಆಮೇಲೆ ಮಕ್ಕಳು, ಗಂಡನ ಕಾಯಿಲೆ, ಮತ್ತೆ ಮಗನ ಹಿಂದೆ ಗುರುತು ಪರಿಚಯವಿಲ್ಲದ ಈ ರಾಗಿಯ ಊರಿಗೆ. ‘ಅವ್ವಾ’ ಎಂದು ಯಾರೂ ಕರೆಯದ ಅರ್ಧ ಗಂಟೆ ಇವರಿಗೆ ಎಂದಾದರೂ ಸಿಕ್ಕಿತ್ತೇ ಎಂದು ಯೋಚಿಸಿದೆ. ಅದು ಬೇಕಾಗಿದ್ದದ್ದು ಲೋಕದಲ್ಲಿ ನನಗೊಬ್ಬಳಿಗೇ ಎಂದುಕೊಂಡಿದ್ದೆನಲ್ಲ, ನಾಚಿಕೆಯಾಯಿತು. ಅವರ ಪಕ್ಕದಲ್ಲಿ ಅದೇ ಮೆಟ್ಟಿಲ ಮೇಲೆ ಕೂತೆ.

“ಹಡಗು ಒಡೆದ ಮೇಲೆ ಏನು ಬರತ್ತೆ ಅತ್ತೆ?”

“ಹೇಳಂಗಿಲ್ಲ. ಹೇಳಿದ್ರ ಮಜಾ ಹೋಗ್ತದ” ಅಂದರು. ಉಳಿದ ನೀರು ಕುಡಿದು, ಲೋಟ ನನ್ನ ಕೈಗಿತ್ತು, ಎದ್ದು ನಿಂತು ಸೆರಗು ಕೊಡವಿದರು. “ಬುಧವಾರ ನೀ ಹೋಗು. ಗೋದಿ ಬೀಸಿಸೂದದ.”

ಗೋಧಿ ಹಿಟ್ಟಿನ ಡಬ್ಬಿ ಮುಕ್ಕಾಲು ತುಂಬಿತ್ತು. ಬೆಳಗ್ಗೆ ತಾನೇ ಅದರಿಂದ ಚಪಾತಿ ಮಾಡಿದವರು ಅವರೇ. ಆಯ್ತು ಅತ್ತೆ ಅಂದೆ.